ಪ್ರಾಜೆಕ್ಟ್ ಹೋಯ್ತು, ಪೇಷೆಂಟ್ ಪಟ್ಟಿ ಉಳೀತು

ಚಿತ್ತಾಪುರ ಕಡೆ ಟಿ.ಬಿ. ಚಿಕಿತ್ಸೆಯ ಮೇಲ್ವಿಚಾರಣೆ ನನ್ನ ಕೆಲಸ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ತಡೆಹಿಡಿಯಿತು. ಸ್ವಲ್ಪ ದಿನದಲ್ಲೇ, ಆ ನೆರವಿನ ದುಡ್ಡಲ್ಲಿ ನಮ್ಮ ಜೊತೆ ಹಳ್ಳಿ ಸುತ್ತುತ್ತಿದ್ದ ಪ್ರಾಜೆಕ್ಟ್‌ನವರ ಕೆಲಸ ಹೋಯಿತು.

"ಇನ್ನ ಗುಳಿಗಿ ಬರಂಗಿಲ್ಲೇನ್ರಿ?" ಅಂತ ಪೇಷೆಂಟ್‌ಗಳು ಕೇಳಿದರು. ಗುಳಿಗೆಗೆ ತೊಂದರೆ ಆಗಲಿಲ್ಲ, ಅದನ್ನು ಕೊಳ್ಳುವುದು ನಮ್ಮ ಸರ್ಕಾರ. ಪೌಷ್ಟಿಕ ಆಹಾರಕ್ಕೆ ಖಾತೆಗೆ ಬೀಳುವ ದುಡ್ಡೂ ಸರ್ಕಾರದ್ದೇ. 2024ರ ನವೆಂಬರ್‌ನಿಂದ ಅದು ತಿಂಗಳಿಗೆ 500ರಿಂದ 1000 ರೂಪಾಯಿಗೆ ಏರಿದೆ.

ಕಡಿಮೆಯಾದದ್ದು ಮನೆಗೆ ಹೋಗಿ ಕೂತು ಮಾತಾಡುವ ಜನ. ಮಾಮೂಲಿ ಟಿ.ಬಿ.ಗೆ ಆರು ತಿಂಗಳ ಕೋರ್ಸು. ಎರಡು ತಿಂಗಳಿಗೆಲ್ಲ ಕೆಮ್ಮು ಇಳಿದಿರುತ್ತದೆ, ಊಟ ಸೇರುತ್ತಿರುತ್ತದೆ. "ಅರಾಮ ಆಗ್ಯಾದ್ರಿ, ಮತ್ಯಾಕ ಗುಳಿಗಿ?" ಅನ್ನುವುದು ಆಗಲೇ. ಅಲ್ಲಿಗೇ ಬಿಟ್ಟರೆ ರೋಗ ಮರುಕಳಿಸಬಹುದು, ಔಷಧಿಗೆ ಬಗ್ಗದ ಟಿ.ಬಿ.ಯೂ ಆಗಬಹುದು. ಮೇಲೆ ನಮ್ಮ ಕಡೆಯ ಗುಳೆ ಬೇರೆ. ತೊಗರಿ ರಾಶಿ ಮುಗಿಯಿತೋ, ತಾಂಡಾದಲ್ಲಿ ಅರ್ಧ ಮನೆಗೆ ಬೀಗ. ಮುಂಬೈ, ಪುಣೆ, ಬೆಂಗಳೂರು.

ಯಾರು ಎಲ್ಲಿದ್ದಾರೆ ಅನ್ನೋದು ಆ ಪ್ರಾಜೆಕ್ಟ್ ಹುಡುಗ-ಹುಡುಗಿಯರಿಗೆ ಗೊತ್ತಿತ್ತು. ಆದರೆ ಅದೆಲ್ಲ ಇದ್ದದ್ದು ಅವರ ಡೈರಿಯಲ್ಲಿ, ಮೊಬೈಲ್‌ನಲ್ಲಿ. ಟಿ.ಬಿ. ಪೇಷೆಂಟ್‌ಗಳ ವಿವರ ಇರುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಅವರು ಕೊಟ್ಟ ನಂಬರ್ ಇರುತ್ತದೆ, ಫೋನ್ ಮಾಡಿದರೆ ಸ್ವಿಚ್ ಆಫ್. ಸಂಬಳದ ಗತಿ ಗೊತ್ತಿಲ್ಲದಿದ್ದರೂ ಅವರು ಬಂದು ಕೂತು ಒಂದೊಂದೇ ಹೆಸರು ಹೇಳಿ ಬರೆಸಿದರು. "ಇವರ ಮಗಳ ಮನಿ ವಾಡಿಯಾಗದ", "ಇವರು ಸಂಜಿಗೆ ಕುಡಿತಾರ, ಮುಂಜಾನೆ ಹೋಗ್ರಿ". ಇಂಥದ್ದಕ್ಕೆ ಯಾವ ಫಾರಂನಲ್ಲೂ ಕಾಲಂ ಇಲ್ಲ, ಅಲ್ವಾ?

ಈಗ ಚಿಕಿತ್ಸೆ ಶುರು ಮಾಡುವ ದಿನವೇ ಊರಲ್ಲೇ ಇರುವ ಒಬ್ಬರ ನಂಬರ್, ಗುಳೆ ಕರೆದೊಯ್ಯುವ ಮುಕಾದಮನ ನಂಬರ್ ಎರಡನ್ನೂ ರಿಜಿಸ್ಟರ್‌ಗೆ ಹಾಕುತ್ತೇವೆ. ಮುಕಾದಮನಿಗೆ ಕಾಯಿಲೆ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಕೂಲಿ ಹೋಗುತ್ತದೆ. ಹೊರಡುವವರಿಗೆ ದಾರಿಗೆ ಬೇಕಾದಷ್ಟು ಗುಳಿಗೆ ಕೊಟ್ಟು, ಪೋರ್ಟಲ್‌ನಲ್ಲಿ ಆ ಊರಿಗೆ ವರ್ಗ ಮಾಡಿ, ಅಲ್ಲಿನವರಿಗೆ ಫೋನೂ ಮಾಡುತ್ತೇವೆ. ಸುಮ್ನೆ ವರ್ಗ ಮಾಡಿದರೆ ಸಾಲುವುದಿಲ್ಲ.

ಮನೆ ಭೇಟಿ ಹೆಚ್ಚಾಗಿ ಆಶಾ ಅಕ್ಕಂದಿರ ಮೇಲೆ ಬಿದ್ದಿದೆ. ಅವರ ಪ್ರೋತ್ಸಾಹಧನ ಬರುವುದು ಕೋರ್ಸ್ ಮುಗಿದ ಮೇಲೆ. ಅಲ್ಲಿಯವರೆಗಿನ ಆಟೋ ಖರ್ಚು ಯಾರದ್ದು? ಇದನ್ನು ಮೀಟಿಂಗ್‌ನಲ್ಲಿ ಕೇಳುತ್ತಲೇ ಇದ್ದೇನೆ.

ಇನ್ನೂ ತುಂಬದ ಜಾಗ ಫರಸಿ (ನೆಲಕ್ಕೆ ಹಾಸುವ ಕಲ್ಲು) ಖಣಿಗಳು. ಕಲ್ಲಿನ ಧೂಳು ಕುಡಿದ ಶ್ವಾಸಕೋಶಕ್ಕೆ ಟಿ.ಬಿ. ಬೇಗ ಹತ್ತುತ್ತದೆ. ಆಶಾ ಮನೆಗೆ ಹೋಗುವ ಹೊತ್ತಿಗೆ ಕೂಲಿಯವರು ಖಣಿಯಲ್ಲಿರುತ್ತಾರೆ. ಮೊದಲು ಅಲ್ಲಿಗೇ ಹೋಗಿ ಕಫ ಪರೀಕ್ಷೆಗೆ ಕಳಿಸುತ್ತಿದ್ದವರು ಪ್ರಾಜೆಕ್ಟ್‌ನವರು. ಸಂಜೆ ಕ್ಯಾಂಪ್ ಇಡೋಣ ಅಂತ ಮಾಲೀಕರ ಹತ್ತಿರ ಮಾತಾಡುತ್ತಿದ್ದೇವೆ. ಸದ್ಯಕ್ಕೆ ಒಪ್ಪಿದವರು ಒಬ್ಬರೇ.