ಕೈ ನೋವಿಗೆ ಹೊಟ್ಟೆ ಸ್ಕ್ಯಾನಾ?

"ಕೈ ನೋವು ಅಂತ ಬಂದ್ರೆ ಹೊಟ್ಟೆ ಸ್ಕ್ಯಾನ್ ಮಾಡ್ಸಿ ಅಂತೀರಲ್ಲ ಸಾರ್!"

ಮಂಗಳವಾರ ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರಿಗೆ ನಾನು ಹೀಗೆ ರೇಗಿದೆ. ಆ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ.

ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿರುವ ದೊಡ್ಡಮ್ಮನಿಗೆ ಮೂರು ತಿಂಗಳಿಂದ ಬೆರಳ ಗೆಣ್ಣೆಲ್ಲ ನೋವು. ಊರವರು ಚಿಕುನ್‌ಗುನ್ಯಾ ಅಂದರು. ನಮ್ಮ ಕಡೆ ಗೆಣ್ಣು ನೋವಿಗೆ ಈಗ ಅದೊಂದೇ ಹೆಸರು. ಕೂತಲ್ಲಿಂದ ಏಳಲು ಗೋಡೆ ಹಿಡಿಯಬೇಕು. "ವಯಸ್ಸಾಯ್ತು ಬುಡು" ಅಂತ ದೊಡ್ಡಪ್ಪ ಸೂಜಿ ಹಾಕಿಸಿ ಕರೆತರುತ್ತಿದ್ದರು. ಕೆಟ್ಟವರಲ್ಲ. ಆದರೆ ಎತ್ತು ಕುಂಟಿದ್ದರೆ ಮಾರನೇ ದಿನವೇ ಮನೆಗೆ ಡಾಕ್ಟರು ಬಂದಿರುತ್ತಿದ್ದರು.

ಈ ಡಾಕ್ಟರು ಹಳೇ ಚೀಟಿಗಳನ್ನು ಪಕ್ಕಕ್ಕಿಟ್ಟು, "ಅಮ್ಮಾ, ತಲೆ ನೀವೇ ಬಾಚ್ಕೊಳ್ತೀರಾ?" ಅಂದರು.

"ಕೈ ಮ್ಯಾಕೆ ಎತ್ತಕಾಗಕಿಲ್ಲ ಕಣಪ್ಪ, ಪಕ್ಕದ್ಮನೆ ಹುಡ್ಗಿ ಬಾಚ್ತಳೆ."

ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ರೆಪ್ಪೆಯ ಮೇಲೆ ನೇರಳೆ ಬಣ್ಣ, ಗೆಣ್ಣಿನ ಮೇಲೆ ಕೆಂಪು ಗುಳ್ಳೆ. ನಿದ್ದೆಗೆಟ್ಟು, ಬಿಸಿಲಿಗೆ ಹೀಗಾಗಿದೆ ಅಂದುಕೊಂಡಿದ್ದೆವು. ಅವರು ಡರ್ಮಟೊಮಯೊಸೈಟಿಸ್ ಅಂದರು. ಚರ್ಮಕ್ಕೂ ಮಾಂಸಖಂಡಕ್ಕೂ ಉರಿಯೂತ. ಆಮೇಲೆ ಸ್ಕ್ಯಾನಿನ ಮಾತು. ದುಡ್ಡು ಕೀಳೋ ದಾರಿ ಅಂತಲೇ ನನಗನಿಸಿತು.

ಅವರು ತಿರುಗಿ ರೇಗಲಿಲ್ಲ. ದೊಡ್ಡವರಿಗೆ ಈ ಕಾಯಿಲೆ ಬಂದಾಗ ಕೆಲವರಲ್ಲಿ ಒಳಗೆ ಕ್ಯಾನ್ಸರ್ ಅಡಗಿರುತ್ತದಂತೆ. ಅಂಡಾಶಯ, ಶ್ವಾಸಕೋಶ, ಸ್ತನ, ಜಠರ, ಎಲ್ಲಾದರೂ ಇರಬಹುದು. ಗಡ್ಡೆಯ ಮೇಲೆ ಬೀಳಲು ಹೊರಟ ದೇಹ ತನ್ನ ಮಾಂಸಖಂಡಕ್ಕೇ ಹೊಡೆಯುವುದೂ ಉಂಟಂತೆ. ಮೊದಲ ವರ್ಷವೇ ಅಪಾಯ ಜಾಸ್ತಿ, 3 ವರ್ಷದವರೆಗೂ ಕಣ್ಣಿಟ್ಟಿರಬೇಕು. "ಎಲ್ರಿಗೂ ಇರಲ್ಲ. ಆದ್ರೆ ನೋಡ್ದೆ ಬಿಡೋಕಾಗಲ್ಲ" ಅಂದರು.

ಗುರುವಾರ ರಿಪೋರ್ಟ್ ಬಂತು. ಅಂಡಾಶಯದಲ್ಲಿ ಗಡ್ಡೆ. ಕ್ಯಾನ್ಸರೇ ಇರಬೇಕು, ಆಪರೇಷನ್ ಮಾಡಬೇಕು ಅಂದಿದ್ದಾರೆ. ಹೊಟ್ಟೆ ನೋವು ಅಂತ ದೊಡ್ಡಮ್ಮ ಒಂದು ದಿನವೂ ಹೇಳಿದವರಲ್ಲ.

ಕೈ ನೋವಿಗೆ ಹೊಟ್ಟೆ ಸ್ಕ್ಯಾನಾ? ರಾತ್ರಿಯೆಲ್ಲ ಇದೇ. ಅದರ ಹಿಂದೆಯೇ ಇನ್ನೊಂದು ನೆನಪು ಬರುತ್ತದೆ. ಹೋದ ತಿಂಗಳು ಊರಿಗೆ ಹೋಗಿದ್ದಾಗ ಮುದ್ದೆಯ ತುಂಬಾ ಹಸಿ ಹಿಟ್ಟಿನ ಗಂಟು. "ಏನ್ ದೊಡ್ಡಮ್ಮ, ಮುದ್ದೆ ತೊಳಸೋದೇ ಮರ್ತೋಯ್ತಾ?" ಅಂತ ನಗಾಡಿದ್ದೆ. ಅವರೂ ನಕ್ಕಿದ್ದರು. ಕೋಲು ತಿರುಗಿಸಲು ತೋಳಲ್ಲಿ ಬಲವಿರಲಿಲ್ಲ ಅಂತ ಆಗ ಹೇಳಲೇ ಇಲ್ಲ. ಇನ್ನೊಂದಿಷ್ಟು ಸಾರು ಬಿಟ್ಟರು, ಅಷ್ಟೇ.