120 ಜಿಬಿಯೇ, ಸರ್?

"ಸರ್, ಈ ಫೈಲ್ 20 ಬೈಟ್ ಇದೆ. ಸರಿಯೇ?"

"ಕಂಪ್ರೆಸ್ ಆಗಿದೆಯಲ್ಲಮ್ಮ, ಚಿಕ್ಕದಾಗಿಯೇ ಇರುತ್ತದೆ."

ಪರದೆಯಿಂದ ಕಣ್ಣು ಕೀಳದೆ ಹೀಗೆ ಹೇಳಿದ್ದು ನಾನೇ. ಅವಳು ಒಂದು ಕ್ಷಣ ಸುಮ್ಮನಿದ್ದು, "120 ಜಿಬಿಯೇ, ಸರ್?" ಎಂದಳು. ಮಂಗಳವಾರದಿಂದ ಈ ಮೂರು ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಸಿಡುಕಿಯಾದರೂ ಪಾರಾಗುತ್ತಿದ್ದೆ.

ಕೆಲಸಕ್ಕೆ ಸೇರಿ ಎರಡು ತಿಂಗಳೂ ತುಂಬದ ಹುಡುಗಿ. ಬ್ಯಾಕಪ್‌ನಿಂದ ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ನಡೆಸುವ ಇನ್ನೊಂದು ಕಂಪ್ಯೂಟರ್) ಒಂದನ್ನು ಮತ್ತೆ ಎಬ್ಬಿಸುವುದನ್ನು ಕಲಿಯಬೇಕೆಂದಳು. 120 ಜಿಬಿ ಡಿಸ್ಕಿನ ಲೆಕ್ಕಪತ್ರದ ಮಷೀನನ್ನೇ ಪ್ರಯತ್ನಿಸಿ ನೋಡು ಎಂದು ಧಾರಾಳವಾಗಿ ಹೇಳಿದ್ದೆ. ಬ್ಯಾಕಪ್ ತೆಗೆಯುವ ನನ್ನ ಸ್ಕ್ರಿಪ್ಟ್ (ಸಾಲುಸಾಲಾಗಿ ಬರೆದಿಟ್ಟ ಆಜ್ಞೆಗಳು) ದಿನಾ ಬೆಳಿಗ್ಗೆ 6ಕ್ಕೆ 'ಎಲ್ಲ ಬ್ಯಾಕಪ್ ಯಶಸ್ವಿ' ಎಂದು ಹಸಿರು ಬಣ್ಣದ ಮೇಲ್ ಕಳಿಸುತ್ತದೆ. ಅದನ್ನು ತೆರೆಯುವುದನ್ನು ನಾನು ಎಂದೋ ಬಿಟ್ಟಿದ್ದೆ. ಮ್ಯಾನೇಜರರು ತೆರೆಯುತ್ತಾರೆ, ಆದರೆ ಬಣ್ಣ ಮಾತ್ರ ನೋಡುತ್ತಾರೆ.

ಸ್ಟೋರೇಜ್ ಬದಲಾಯಿಸಿದಾಗ ಆ ಮಷೀನಿನ ಡಿಸ್ಕ್ ಹೆಸರೂ ಬದಲಾಗಿತ್ತು. ಬದಲಾಯಿಸಿದ ಮಹಾನುಭಾವನ ಕೆಲಸ ಯಾವಾಗಲೂ ಚೊಕ್ಕ, ಬಾಯಿ ಮಾತ್ರ ಬಿಡುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ ಡಿಡಿ ಎಂಬ ನಕಲು ತೆಗೆಯುವ ಆಜ್ಞೆ ಡಿಸ್ಕನ್ನು ಓದಿ, ಒಂದು ಆಜ್ಞೆ ಕೊಟ್ಟದ್ದನ್ನು ಮುಂದಿನದಕ್ಕೆ ಹರಿಸುವ ಪೈಪ್ ಮೂಲಕ, ಕಂಪ್ರೆಸ್ ಮಾಡುವ ಜಿಜಿಪ್‌ಗೆ ಕೊಡುತ್ತದೆ. ಹಳೆಯ ಹೆಸರು ಸಿಗದೆ ಡಿಡಿ ಸೋತಿತು. ಅದರ ಕೂಗು ಯಾರೂ ಓದದ ಲಾಗ್‌ಗೆ ಹೋಗಿ ಬಿತ್ತು. ಸ್ಕ್ರಿಪ್ಟನ್ನು ನಡೆಸುವ ಬ್ಯಾಷ್ ಕೇಳುವುದು ಪೈಪಿನ ಕೊನೆಯಲ್ಲಿರುವವರ ವರದಿಯನ್ನಷ್ಟೆ. ಜಿಜಿಪ್ ಪಾಪ, ಬಂದ ಶೂನ್ಯವನ್ನೇ ಶ್ರದ್ಧೆಯಿಂದ ಕುಗ್ಗಿಸಿ 20 ಬೈಟ್‌ನ ಫೈಲ್ ಮಾಡಿ, ತಪ್ಪೇನೂ ಆಗಿಲ್ಲ ಎಂದು 0 ಒಪ್ಪಿಸಿತು. ಸ್ಕ್ರಿಪ್ಟ್ ನೋಡುವುದು ಇಷ್ಟೆ: ಫೈಲ್ ಇದೆಯೇ? ಇದೆ. ಇವತ್ತಿನದೇ? ಹೌದು. ಮೇಲ್ ಹೊರಟಿತು.

14 ದಿನ ದಾಟಿದ ಫೈಲ್‌ಗಳನ್ನು ಅಳಿಸುವ ಸಾಲೂ ನನ್ನದೇ. ಅದು ಮಾತ್ರ ಒಂದು ದಿನವೂ ಎಡವಿರಲಿಲ್ಲ. ಒಳ್ಳೆಯ ಪ್ರತಿಗಳನ್ನೆಲ್ಲ ಒಂದೊಂದಾಗಿ ಗುಡಿಸಿ ಹಾಕಿತ್ತು. ಉಳಿದದ್ದು 14 ಫೈಲ್, ಒಟ್ಟು 280 ಬೈಟ್. ಯಶಸ್ಸಿನ ಮೇಲ್ ಇದಕ್ಕಿಂತ ದೊಡ್ಡದು.

ಮಷೀನ್ ಕೆಟ್ಟಿರಲಿಲ್ಲ, ಏನೂ ಕಳೆದುಹೋಗಲಿಲ್ಲ. ಪೈಪಿನಲ್ಲಿ ಯಾರು ಸೋತರೂ ಸೋಲೆಂದೇ ಎಣಿಸುವ ಪೈಪ್‌ಫೇಲ್ ಅನ್ನು ಅಂದೇ ಸೇರಿಸಿದೆ. ಜಿಜಿಪ್‌ನಲ್ಲೇ ಇರುವ ಪರೀಕ್ಷೆಗೂ ಆ ಫೈಲನ್ನು ಒಡ್ಡಿದೆ, ಚಕಾರ ಎತ್ತಲಿಲ್ಲ. ಖಾಲಿಯಾಗಿದ್ದರೂ ಅದು ನಿಯಮಬದ್ಧವಾದ ಫೈಲ್, ತಪ್ಪು ಹುಡುಕಲು ಏನಿದೆ? ಹಾಗಾಗಿ ಈಗ ಸ್ಕ್ರಿಪ್ಟ್ ಗಾತ್ರವನ್ನು ಹಿಂದಿನ ದಿನದ್ದರೊಂದಿಗೆ ಹೋಲಿಸಿ, ಅರ್ಧಕ್ಕಿಂತ ಇಳಿದರೆ ಬೊಬ್ಬೆ ಹಾಕುತ್ತದೆ. ಡಿಡಿ, ಜಿಜಿಪ್ ಬಗ್ಗೆ ಇಷ್ಟೆಲ್ಲ ಬರೆದೆ. ನಿಜಕ್ಕೂ ಚುಚ್ಚುತ್ತಿರುವುದು ಅವಲ್ಲ. ಎರಡನೆಯ ಸಲ ಕೇಳುವ ಧೈರ್ಯ ಅವಳಿಗೆ ಇರದಿದ್ದರೆ? ನಾನು ಹೊಸಬನಾಗಿದ್ದಾಗ ಹಿರಿಯರು ಹಾಗೆಂದಿದ್ದರೆ ತಲೆಯಾಡಿಸಿ ಎದ್ದು ಹೋಗುತ್ತಿದ್ದೆ. ಎಷ್ಟು ಸಲ ಹೋಗಿದ್ದೇನೋ.

ಶುಕ್ರವಾರ ಹೊಸ ಬ್ಯಾಕಪ್‌ನಿಂದ ಆ ಮಷೀನನ್ನು ಪ್ರತ್ಯೇಕ ನೆಟ್‌ವರ್ಕ್‌ನಲ್ಲಿ ಅವಳೇ ಎಬ್ಬಿಸಿದಳು. ಲಾಗಿನ್ ಪರದೆ ಬಂತು. ನಾನು ನಿರಾಳವಾಗಿ ಕುರ್ಚಿಗೆ ಒರಗುವಷ್ಟರಲ್ಲಿ ಕೇಳಿದಳು: "ಸರ್, ಸ್ಕ್ರಿಪ್ಟೇ ನಿಂತುಹೋದರೆ ಬೊಬ್ಬೆ ಹಾಕುವವರು ಯಾರು?"

ಈ ಸಲ ತಲೆ ಎತ್ತಿ ಕೇಳಿಸಿಕೊಂಡೆ. ಉತ್ತರ ಸೋಮವಾರ ಎಂದಿದ್ದೇನೆ.