60 ವರ್ಷದ ಮಳೆ, ಒಂದು ದಿನದ ಸರದಿ

ಕಣಕುಂಬಿಯ ಮಳೆಗೂ ರಾಮದುರ್ಗದ ಮಳೆಗೂ ಅಜಗಜಾಂತರ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕಿ, ಒಣನೆಲ ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇಡೀ ಕಣಿವೆಗೆ ಒಂದೇ ಸರಾಸರಿ ಹಾಕಿ ಲೆಕ್ಕ ಮಾಡಿದರೆ ನೆರೆಯೂ ಕಾಣುವುದಿಲ್ಲ, ಬರವೂ ಕಾಣುವುದಿಲ್ಲ. ಹಾಗಾಗಿ ಹವಾಮಾನ ಇಲಾಖೆಯ ಅಕ್ಷಾಂಶ-ರೇಖಾಂಶದ ಕಾಲು ಡಿಗ್ರಿ ಚೌಕದ ದೈನಿಕ ಮಳೆ ಲೆಕ್ಕ ಹಿಡಿದು 1961ರಿಂದ 2020ರವರೆಗಿನ ಒಂದೊಂದು ವರ್ಷವನ್ನೂ, ಮಳೆಯಿಂದ ನದಿಯ ಹರಿವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ನಲ್ಲಿ ಓಡಿಸಬೇಕಿತ್ತು. ಬೆಳಗಾವಿಯ ಲ್ಯಾಬಿನ ಡೆಸ್ಕ್‌ಟಾಪ್ ಒಂದು ವರ್ಷಕ್ಕೇ ಒಂದೂವರೆ ತಾಸು ತಿನ್ನುತ್ತದೆ, ಜುಲೈ ತಿಂಗಳ ಕರೆಂಟನ್ನು ನಂಬುವ ಹಾಗೂ ಇಲ್ಲ. ಕೆಲಸ ಬೆಂಗಳೂರಿನ ಕ್ಲಸ್ಟರ್‌ಗೆ, ಅಂದರೆ ಒಟ್ಟಿಗೆ ದುಡಿಯುವ ಅನೇಕ ಕಂಪ್ಯೂಟರ್‌ಗಳ (ನೋಡ್‌ಗಳ) ಗುಂಪಿಗೆ ಹೋಯಿತು.

ದೂರದ ಕಂಪ್ಯೂಟರಿಗೆ ಸಂಪರ್ಕ ಕೊಡುವ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋದಾಗ ಮೊದಲು ಸಿಗುವುದು ಲಾಗಿನ್ ನೋಡ್. "ಸರ್, ಒಂದ ವರ್ಷ ಇಲ್ಲೇ ಓಡಿಸಿ ನೋಡೋಣ್ರಿ?" ಎಂದು ಹೊಸ ಹುಡುಗರು ಕೇಳಿಯೇ ಕೇಳುತ್ತಾರೆ. ಬೇಡ. ಅದು ಎಲ್ಲರೂ ಹಂಚಿಕೊಂಡ ಅಂಗಳ. ಫೈಲ್ ತಿದ್ದಲು, ಜಾಬ್ (ಓಡಿಸಬೇಕಾದ ಕೆಲಸ) ಕಳಿಸಲು ಮಾತ್ರ. ಭಾರಿ ಲೆಕ್ಕ ಕಂಪ್ಯೂಟ್ ನೋಡ್‌ನಲ್ಲಿ ನಡೆಯಬೇಕು, ಅಲ್ಲಿಗೆ ಕಳಿಸುವವನು ಸ್ಲರ್ಮ್ ಎಂಬ ಷೆಡ್ಯೂಲರ್, ಅಂದರೆ ಸರದಿ ನೋಡಿಕೊಳ್ಳುವ ಸಾಫ್ಟ್‌ವೇರ್. ನಮ್ಮ ದೇಶದ ಪರಮ್ ಸೂಪರ್‌ಕಂಪ್ಯೂಟರ್‌ಗಳಲ್ಲೂ ಸಾಮಾನ್ಯವಾಗಿ ಕಾಣುವ ಷೆಡ್ಯೂಲರ್ ಇದೇ.

ಎಸ್‌ಬ್ಯಾಚ್ ಕಮಾಂಡಿನಿಂದ ಸ್ಲರ್ಮ್‌ಗೆ ಕೊಡುವುದು ಒಂದು ಬ್ಯಾಶ್ ಸ್ಕ್ರಿಪ್ಟ್, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದ ಫೈಲ್. ಮೊದಲ ಸಾಲಿನ ಕೆಳಗೆ '#ಎಸ್‌ಬ್ಯಾಚ್' ಎಂದು ಶುರುವಾಗುವ ಸಾಲುಗಳಲ್ಲಿ ಬೇಡಿಕೆ ಬರೆಯಬೇಕು. ಮೊದಲ ಕಮಾಂಡ್ ಬಂದ ಮೇಲೆ ಬರೆದ ಬೇಡಿಕೆಗಳನ್ನು ಸ್ಲರ್ಮ್ ನೋಡುವುದೇ ಇಲ್ಲ, ದೂರೂ ಹೇಳುವುದಿಲ್ಲ. ಬೇಕಾದ ಸಾಫ್ಟ್‌ವೇರ್ ತೆರೆಯುವ ಮಾಡ್ಯೂಲ್ ಲೋಡ್ ಸಾಲು ಮೇಲೆ, ಮೆಮೊರಿ ಸಾಲು ಕೆಳಗೆ ಆದರೆ ಡಿಫಾಲ್ಟ್ ಮೆಮೊರಿಯೇ ಗತಿ. ಮಾಡೆಲ್ 4 ಥ್ರೆಡ್ (ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಎಳೆಗಳು) ಬಳಸುವುದರಿಂದ ಟಾಸ್ಕ್ (ಪ್ರತ್ಯೇಕ ಪ್ರೋಗ್ರಾಂ) 1, ಪ್ರತಿ ಟಾಸ್ಕ್‌ಗೆ ಸಿಪಿಯು 4 ಎಂದು ಕೇಳಿದ್ದಾಯಿತು. ಇದನ್ನೇ ತಿರುಗಿಸಿ ಟಾಸ್ಕ್ 4 ಎಂದರೆ ಅವು ಬೇರೆಬೇರೆ ನೋಡ್‌ಗಳಿಗೆ ಹಂಚಿಹೋಗಬಹುದು. ಥ್ರೆಡ್‌ಗಳು ನೋಡ್ ದಾಟಲಾರವು, ಆಗ ಕೇಳಿದ ಸಿಪಿಯು ಸುಮ್ಮನೆ ಕೂತಿರುತ್ತದೆ.

ಅಳತೆಯ ಘಟಕಗಳಲ್ಲಿ ಎಡವಿ ಬೀಳುವ ಎರಡು ಗುಂಡಿಗಳಿವೆ. '--ಮೆಮ್=4' ಎಂದರೆ 4 ಎಂಬಿ, 4 ಜಿಬಿ ಅಲ್ಲ; ಸಂಖ್ಯೆಯ ಬೆನ್ನಿಗೇ ಜಿ ಸೇರಿಸಿ '4ಜಿ' ಎಂದೇ ಬರೆಯಬೇಕು. '--ಟೈಮ್=2:00' ಎಂದರೆ ಎರಡು ತಾಸಲ್ಲ, ಎರಡು ನಿಮಿಷ. ಎರಡು ತಾಸಿಗೆ 02:00:00 ಎಂದೇ ಬರೆಯಬೇಕು. ಲಾಗ್ ಫೈಲ್‌ಗೆ ಕೊಟ್ಟ ಫೋಲ್ಡರ್ ಮೊದಲೇ ಇರಬೇಕು, ಸ್ಲರ್ಮ್ ಅದನ್ನು ಮಾಡಿಕೊಡುವುದಿಲ್ಲ. ಇಲ್ಲದಿದ್ದರೆ ಜಾಬ್ ಶುರುವಾದ ಕ್ಷಣವೇ ಸಾಯುತ್ತದೆ, ಯಾಕೆಂದು ಬರೆದಿಡಲು ಫೈಲೂ ಇರುವುದಿಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಬರೆದು ತಂದ ಸ್ಕ್ರಿಪ್ಟ್ ಆದರೆ ಸಾಲಿನ ಕೊನೆಯ ಗುರುತು ಬೇರೆ ಇರುವುದರಿಂದ ಎಸ್‌ಬ್ಯಾಚ್ ಒಪ್ಪುವುದಿಲ್ಲ. ಆ ಗುರುತು ಬದಲಿಸುವ ಡಾಸ್‌ಟುಯುನಿಕ್ಸ್ ಓಡಿಸಿದರೆ ಮುಗಿಯಿತು.

60 ವರ್ಷಕ್ಕೆ 60 ಸ್ಕ್ರಿಪ್ಟ್ ಬರೆಯುವವರಿದ್ದಾರೆ. ಒಂದೇ ಸ್ಕ್ರಿಪ್ಟನ್ನು ಹಲವು ಸಲ ಓಡಿಸುವ ಜಾಬ್ ಅರೇ ಇರುವಾಗ ಅದು ದಂಡದ ದುಡಿಮೆ. ಒಂದೇ ಸ್ಕ್ರಿಪ್ಟ್, '--ಅರೇ' ಮುಂದೆ ಸಂಖ್ಯೆಗಳ ಸಾಲು. ಓಡುವ ಒಂದೊಂದು ನಕಲಿಗೂ (ಇದನ್ನೂ ಟಾಸ್ಕ್ ಎನ್ನುತ್ತಾರೆ) ತನ್ನ ಅಂಕಿ ಅರೇ ಟಾಸ್ಕ್ ಐಡಿ ಎಂಬ ವೇರಿಯಬಲ್‌ನಲ್ಲಿ ಸಿಗುತ್ತದೆ. ನೇರವಾಗಿ 1961-2020 ಎಂದು ಬರೆಯೋಣ ಅನ್ನಿಸುವುದು ಸಹಜ. ಅರೇಯ ಗರಿಷ್ಠ ಗಾತ್ರ ಡಿಫಾಲ್ಟ್ ಆಗಿ 1001, ಅಂದರೆ 1000 ದಾಟಿದ ಅಂಕಿಯನ್ನು ಸ್ಲರ್ಮ್ ಒಪ್ಪುವುದಿಲ್ಲ. ಲ್ಯಾಬ್ ಹುಡುಗನೊಬ್ಬ ಹಾಗೆ ಕಳಿಸಿದಾಗ ಅರೇ ವಿವರಣೆ ಸರಿಯಿಲ್ಲ ಎಂಬ ಒಂದೇ ಸಾಲು ಬಂತು. "60 ಅದಾವಲ್ರಿ, 1001ರ ಒಳಗ ಐತಿ" ಎಂಬುದು ಅವನ ವಾದ. ಸ್ಲರ್ಮ್ ನೋಡುವುದು ಎಷ್ಟಿವೆ ಎಂದಲ್ಲ, ಕೊನೆಯ ಅಂಕಿ ಎಷ್ಟು ದೊಡ್ಡದು ಎಂದು. ಆದ್ದರಿಂದ 1-60 ಎಂದು ಕೊಟ್ಟು, ಸ್ಕ್ರಿಪ್ಟ್ ಒಳಗೆ 1960 ಕೂಡಿಸಿ ವರ್ಷ ಮಾಡಿಕೊಳ್ಳುವುದು ಸರಿಯಾದ ದಾರಿ. ಕೊನೆಗೆ '%10' ಸೇರಿಸಿದರೆ ಒಮ್ಮೆಗೆ ಹತ್ತೇ ಓಡುತ್ತವೆ. 60ಕ್ಕೆ 60 ಒಟ್ಟಿಗೆ ಒಂದೇ ಮಳೆ ಫೈಲಿಗೆ ಮುಗಿಬಿದ್ದರೆ ಡಿಸ್ಕ್ ಏದುಸಿರು ಬಿಡುತ್ತದೆ.

ಎಲ್ಲವನ್ನೂ ಕಳಿಸುವ ಮುಂಚೆ 1 ಮತ್ತು 30ನ್ನು ಮಾತ್ರ ಕಳಿಸಿ, ಮುಗಿದ ಮೇಲೆ ಜಾಬುಗಳ ಲೆಕ್ಕ ತೋರಿಸುವ ಎಸ್‌ಆಕ್ಟ್‌ನಲ್ಲಿ ಎಷ್ಟು ಹೊತ್ತು ಹಿಡಿಯಿತು, ಮೆಮೊರಿ ಎಷ್ಟು ಏರಿತು ಎಂದು ನೋಡಿದ್ದಾಯಿತು. ಮೆಮೊರಿಯ ಗರಿಷ್ಠ ಬಳಕೆ ಹೇಳುವ ಮ್ಯಾಕ್ಸ್ ಆರ್‌ಎಸ್‌ಎಸ್ ಎಂಬ ಅಂಕಿ ಜಾಬಿನ ಮುಖ್ಯ ಸಾಲಿನಲ್ಲಿ ಖಾಲಿ ಇರುತ್ತದೆ, ಕೆಳಗಿನ 'ಬ್ಯಾಚ್' ಸಾಲಿನಲ್ಲಿ ಹುಡುಕಬೇಕು. 2.6 ಜಿಬಿ, 48 ನಿಮಿಷ. ಹಾಗಾಗಿ 60ಕ್ಕೂ ಕೇಳಿದ್ದು 4 ಜಿಬಿ, ಒಂದೂವರೆ ತಾಸು.

"ಮತ್ತ 24 ತಾಸು ಕೇಳಿದ್ರ ಸುರಕ್ಷಿತ ಅಲ್ರಿ?" ಸುರಕ್ಷಿತ ಹೌದು, ಆದರೆ ಕಾಯುವುದೂ ಅಷ್ಟೇ. ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆ ಮುಂದಿನ ಕಬ್ಬಿನ ಟ್ರ್ಯಾಕ್ಟರ್ ಸಾಲು ನೋಡಿದವರಿಗೆ ಸರದಿ ಎಂದರೆ ಮೊದಲು ಬಂದವನಿಗೆ ಮೊದಲು. ಸ್ಲರ್ಮ್ ಹಾಗಲ್ಲ. ದೊಡ್ಡ ಜಾಬ್ ಒಂದು ಹಲವು ನೋಡ್ ಖಾಲಿಯಾಗಲೆಂದು ಕಾಯುತ್ತಿದ್ದರೆ, ಆ ನಡುವಿನ ಸಮಯದಲ್ಲಿ ಮುಗಿಯಬಲ್ಲ ಚಿಕ್ಕ ಜಾಬನ್ನು ಹಿಂದಿನಿಂದ ಎತ್ತಿ ಒಳಗೆ ಬಿಡುತ್ತದೆ. ದೊಡ್ಡದರ ಆರಂಭ ತಡವಾಗಬಾರದು, ಅಷ್ಟೇ ಷರತ್ತು. ಬ್ಯಾಕ್‌ಫಿಲ್ ಎನ್ನುವುದು ಇದನ್ನೇ. ಜಾಬ್ ನಿಜಕ್ಕೂ ಬೇಗ ಮುಗಿಯುವುದೋ ಇಲ್ಲವೋ ಸ್ಲರ್ಮ್‌ಗೆ ಗೊತ್ತಿಲ್ಲ. ನೀವು ಬರೆದ ಸಮಯವನ್ನೇ ನಂಬುತ್ತದೆ. 48 ನಿಮಿಷದ ಕೆಲಸಕ್ಕೆ 24 ತಾಸು ಬರೆದವನು ಯಾವ ಸಂದಿಯಲ್ಲೂ ಹಿಡಿಸುವುದಿಲ್ಲ.

ಮಧ್ಯಾಹ್ನ ಸರದಿ ತೋರಿಸುವ ಎಸ್‌ಕ್ಯೂನಲ್ಲಿ ಕೆಲವು ಆರ್ (ಓಡುತ್ತಿವೆ), ಉಳಿದದ್ದೆಲ್ಲ ಪಿಡಿ (ಕಾಯುತ್ತಿವೆ). ಪಿಡಿ ಕಂಡರೆ ಗಾಬರಿ ಬೇಡ, ಕೊನೆಯ ಕಾಲಮ್ಮಿನ ಕಾರಣ ಓದಬೇಕು. ಪ್ರಯಾರಿಟಿ ಎಂದಿದ್ದರೆ ಮುಂದೆ ಬೇರೆಯವರಿದ್ದಾರೆ. ರಿಸೋರ್ಸಸ್ ಎಂದರೆ ಸರದಿ ಹತ್ತಿರ ಬಂದಿದೆ, ಜಾಗ ಖಾಲಿಯಾಗಬೇಕು. ಅರೇ ಟಾಸ್ಕ್ ಲಿಮಿಟ್ ಎಂದರೆ ನೀವೇ ಹಾಕಿದ %10. ನೋಡ್ ಲಭ್ಯವಿಲ್ಲ ಎಂಬರ್ಥದ ಕಾರಣ ಬಂದರೆ ಬಹುತೇಕ ನಿರ್ವಹಣೆಗೆ ಯಂತ್ರ ನಿಲ್ಲಿಸುವ ದಿನ ಹತ್ತಿರವಿದೆ, ನಿಮ್ಮ ಸಮಯದ ಮಿತಿ ಆ ಹೊತ್ತನ್ನು ದಾಟುತ್ತಿದೆ. ಆಗ ಎಸ್‌ಕಂಟ್ರೋಲ್ ಕಮಾಂಡಿನಿಂದ ಮಿತಿಯನ್ನು ನೀವೇ ಇಳಿಸಬಹುದು. ಏರಿಸುವುದು ಮಾತ್ರ ಅಡ್ಮಿನ್ ಕೈಯಲ್ಲಿ.

ಸರದಿಯಲ್ಲಿರುವಾಗ ಕೈ ಸುಮ್ಮನಿರುವುದಿಲ್ಲ, ಮಾಡೆಲ್‌ನ ಪೈಥಾನ್ ಫೈಲ್ ತೆರೆದು ಏನೋ ತಿದ್ದುತ್ತದೆ. ಇಲ್ಲೊಂದು ನಿಜವಾದ ಅಪಾಯವಿದೆ. ಬ್ಯಾಶ್ ಸ್ಕ್ರಿಪ್ಟನ್ನು ಎಸ್‌ಬ್ಯಾಚ್ ಕಳಿಸಿದ ಹೊತ್ತಿಗೇ ನಕಲು ಮಾಡಿಟ್ಟುಕೊಳ್ಳುತ್ತದೆ, ಆಮೇಲೆ ತಿದ್ದಿದರೆ ಪರಿಣಾಮವಿಲ್ಲ. ಆದರೆ ಅದು ಕರೆಯುವ ಪೈಥಾನ್ ಫೈಲನ್ನು ಜಾಬ್ ಶುರುವಾದಾಗಷ್ಟೇ ಓದುತ್ತದೆ. ನಡುವೆ ಮಣ್ಣಿನ ಇಂಗುವಿಕೆಯ ಒಂದು ಅಂಕಿ ಬದಲಾದರೆ 1985ರವರೆಗೆ ಹಳೆಯ ಮಾಡೆಲ್, 1986ರಿಂದ ಹೊಸದು. ಯಾವ ಎರರೂ ಬರುವುದಿಲ್ಲ, ಗ್ರಾಫ್ ಮಾತ್ರ ಸುಳ್ಳು ಹೇಳುತ್ತದೆ. ಓಡಿಸುವ ಮುಂಚೆ ಕೋಡನ್ನು ಬೇರೆ ಫೋಲ್ಡರ್‌ಗೆ ನಕಲಿಸಿ, ಅಲ್ಲಿಂದಲೇ ಓಡಿಸಬೇಕು.

ಮೂರರ ಸುಮಾರಿಗೆ ಬೆಳಗಾವಿಯಲ್ಲಿ ಕರೆಂಟ್ ಹೋಗಿ ಸಂಪರ್ಕವೂ ಕಡಿಯಿತು. ಎಸ್‌ಬ್ಯಾಚ್‌ನಿಂದ ಕಳಿಸಿದ ಜಾಬಿಗೆ ಇದರ ಹಂಗಿಲ್ಲ. ಟರ್ಮಿನಲ್‌ನಲ್ಲಿ ಎಸ್‌ರನ್‌ನಿಂದ ನೇರವಾಗಿ ಓಡಿಸುತ್ತ ಕೂತವರ ಕೆಲಸ ಮಾತ್ರ ಹೋಗುತ್ತದೆ, ಅಂಥವರು ಸಂಪರ್ಕ ಕಡಿದರೂ ಟರ್ಮಿನಲ್ ಉಳಿಸುವ ಟಿಮಕ್ಸ್ ಒಳಗೆ ಕೂರಬೇಕು. ಕರೆಂಟ್ ಬಂದ ಮೇಲೆ ಲಾಗ್ ನೋಡಿದರೆ ಓಡುತ್ತಿರುವ ಜಾಬುಗಳ ಫೈಲ್ ಖಾಲಿ. ನಿಂತಿಲ್ಲ, ಪೈಥಾನ್ ಅಕ್ಷರಗಳನ್ನು ಬಫರ್‌ನಲ್ಲಿ ಹಿಡಿದಿಟ್ಟುಕೊಂಡಿದೆ. 'ಪೈಥಾನ್ -ಯು' ಎಂದು ಓಡಿಸಿದರೆ ಸಾಲು ಸಾಲಾಗಿ ಬರುತ್ತದೆ.

ರಾತ್ರಿ ಹೊತ್ತಿಗೆ ಎಸ್‌ಆಕ್ಟ್ ಪಟ್ಟಿಯಲ್ಲಿ 59 ಎಂಬ ಟಾಸ್ಕ್ ಮುಂದೆ ಟೈಮ್‌ಔಟ್. 59 ಅಂದರೆ 2019, ಆಗಸ್ಟಿನ ನೆರೆಯ ವರ್ಷ. ಹರಿವು ಏರಿದಾಗ ಮಾಡೆಲ್ ಸ್ಥಿರವಾಗಿರಲು ಕಾಲದ ಹೆಜ್ಜೆಯನ್ನು ಚಿಕ್ಕದು ಮಾಡಿಕೊಳ್ಳುತ್ತದೆ, ಲೆಕ್ಕ ಉದ್ದವಾಗುತ್ತದೆ. ಇಂಥ ಒಂದೆರಡು ಬಿದ್ದರೆ ಬೀಳಲಿ ಎಂಬುದು ಲೆಕ್ಕದಲ್ಲೇ ಇತ್ತು. ಒಂದು ವರ್ಷಕ್ಕಾಗಿ 60ಕ್ಕೂ ನಾಲ್ಕು ತಾಸು ಕೇಳುವುದಕ್ಕಿಂತ ಬಿದ್ದದ್ದನ್ನು ಮತ್ತೆ ಕಳಿಸುವುದು ಅಗ್ಗ. '--ಅರೇ=59', ನಾಲ್ಕು ತಾಸು.

ಫಲಿತಾಂಶ ಜೋಡಿಸುವ ಜಾಬನ್ನು 'ಆಫ್ಟರ್‌ಓಕೆ' (ಎಲ್ಲವೂ ಸರಿಯಾಗಿ ಮುಗಿದರಷ್ಟೇ ಓಡು) ಅವಲಂಬನೆ ಕೊಟ್ಟು ಬೆಳಿಗ್ಗೆಯೇ ಕಳಿಸಿದ್ದರೆ ಒಂದು ಟಾಸ್ಕ್ ಬಿದ್ದಿದ್ದಕ್ಕೆ ಅದು, ಎಂದಿಗೂ ಈಡೇರದ ಅವಲಂಬನೆ ಎಂಬ ಕಾರಣ ಹೊತ್ತು ಸರದಿಯಲ್ಲೇ ಕೊಳೆಯುತ್ತದೆ, ಎಸ್‌ಕ್ಯಾನ್ಸಲ್ ಮಾಡಬೇಕಾಗುತ್ತದೆ. 'ಆಫ್ಟರ್‌ಎನಿ' (ಹೇಗೆ ಮುಗಿದರೂ ಓಡು) ಕೊಟ್ಟು, ಸ್ಕ್ರಿಪ್ಟಿನ ಮೊದಲಲ್ಲೇ 60 ಫೈಲ್ ಇವೆಯೇ ಎಂದು ಎಣಿಸಿ, ಕಡಿಮೆ ಇದ್ದರೆ ಯಾವ ವರ್ಷ ಇಲ್ಲ ಎಂದು ಬರೆದು ನಿಲ್ಲಿಸುವುದು ಉತ್ತಮ. ಎಲ್ಲ ಸೇರಿದ ಮೇಲೆ ಕ್ಲಸ್ಟರಿನ ತಾತ್ಕಾಲಿಕ ಡಿಸ್ಕ್ ಆದ ಸ್ಕ್ರ್ಯಾಚ್‌ನಲ್ಲಿರುವುದನ್ನು ಅಲ್ಲೇ ಬಿಡಬೇಡಿ, ಹಲವು ಕ್ಲಸ್ಟರ್‌ಗಳಲ್ಲಿ ಹಳೆಯ ಫೈಲುಗಳನ್ನು ತಾನಾಗಿ ಅಳಿಸುತ್ತಾರೆ. ದಿನದ ಹರಿವಿನ ಫೈಲುಗಳನ್ನಷ್ಟೇ ಫೈಲ್ ನಕಲಿಸುವ ಆರ್‌ಸಿಂಕ್‌ನಿಂದ ಬೆಳಗಾವಿಗೆ ಎಳೆದುಕೊಂಡರೆ ಸಾಕು. ನಡುವೆ ನೆಟ್ ಕಡಿದರೆ ಅದೇ ಕಮಾಂಡ್ ಮತ್ತೆ ಕೊಡಿ, ಬಂದು ಮುಗಿದ ಫೈಲುಗಳನ್ನು ಬಿಟ್ಟು ಉಳಿದದ್ದನ್ನು ತರುತ್ತದೆ.